ಹಾಳೆಯೇ ಆಧಾರ: ಡಾರ್ಡ್ ಹಂಟರ್ ಅವರ ಗ್ರಂಥಗಳ ವಿಚಾರ

ಚರಿತ್ರಕಾರರು ಹಳೆಯ ಪತ್ರವೊಂದು ಕೈಗೆ ಬಂದೊಡನೆ ಅದರ ಲಿಪಿಯನ್ನೂ ಮುದ್ರೆಯನ್ನೂ ಪರೀಕ್ಷಿಸುತ್ತಾರೆ. ಅವೆರಡನ್ನೂ ಹೊತ್ತಿರುವ ಹಾಳೆಯನ್ನು ಪರೀಕ್ಷಿಸುವವರು ವಿರಳ. ಆ ಹಾಳೆಯನ್ನೇ ಆಧಾರವಾಗಿಟ್ಟುಕೊಂಡು ಚರಿತ್ರೆಯನ್ನು ಬರೆದವರಲ್ಲಿ ಅಮೆರಿಕದ ಡಾರ್ಡ್ ಹಂಟರ್ (೧೮೮೩–೧೯೬೬) ಅಗ್ರಗಣ್ಯರು. ಅವರ ಪದ್ಧತಿಯ ಬೆಲೆಯೇನು, ಮಿತಿಯೇನು ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಹಂಟರ್ ಮೊದಲು ಗ್ರಂಥವಿನ್ಯಾಸಕಾರರು. ೧೯೦೪ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಈಸ್ಟ್ ಅರೋರಾದಲ್ಲಿದ್ದ ರಾಯ್‌ಕ್ರಾಫ್ಟ್ ಕಾರ್ಯಾಗಾರವನ್ನು ಸೇರಿ, ಪುಸ್ತಕಗಳಿಗೆ ಮುಖಪುಟಗಳನ್ನೂ ಅಲಂಕಾರಾಕ್ಷರಗಳನ್ನೂ ರಚಿಸಿದರು. ತರುವಾಯ ಹಡ್ಸನ್ ನದಿಯ ಸಮೀಪದಲ್ಲಿ ಸಣ್ಣದೊಂದು ಕಾಗದದ ಗಿರಣಿಯನ್ನು ಕಟ್ಟಿದರು. ತಾವೇ ಕಾಗದವನ್ನು ಮಾಡಿ, ಅಚ್ಚಿನ ಮೊಳೆಗಳನ್ನು ಎರಕ ಹೊಯ್ದು, ಪುಸ್ತಕವನ್ನೂ ತಾವೇ ಮುದ್ರಿಸಿದರು.

ಈ ಕೈಗೆಲಸವೇ ಅವರ ವಿಮರ್ಶೆಗೆ ತಳಹದಿಯಾಯಿತು. ಏಷ್ಯದ ಕಾಗದಗಾರರಲ್ಲಿ ಎರಡು ಬಗೆಯ ಅಚ್ಚುಗಳುಂಟು. ಬಟ್ಟೆ ಬಿಗಿದ ಅಚ್ಚಿನ ಮೇಲೆ ನಾರಿನ ತಿರುಳನ್ನು ಸುರಿದರೆ, ಹಾಳೆ ಒಣಗುವವರೆಗೂ ಆ ಅಚ್ಚು ಬೇರೆ ಕೆಲಸಕ್ಕೆ ಒದಗದು. ಬಿದಿರಿನ ಸಣ್ಣ ಕಡ್ಡಿಗಳನ್ನು ಹೊಲಿದು ಮಾಡಿದ ಅಚ್ಚಿನಿಂದಲಾದರೋ ಹಸಿ ಹಾಳೆಯನ್ನೇ ಬಿಡಿಸಿ, ಅಚ್ಚನ್ನು ಮರಳಿ ತೊಟ್ಟಿಯಲ್ಲಿ ಅದ್ದಬಹುದು. ಕಡ್ಡಿಗಳ ಗೆರೆಯೂ ಹೊಲಿಗೆಯ ಗೆರೆಯೂ ಹಾಳೆಯಲ್ಲಿ ಉಳಿದು, ಬೆಳಕಿಗೆ ಹಿಡಿದಾಗ ಕಾಣುತ್ತವೆ. ಬಟ್ಟೆಯ ಅಚ್ಚೇ ಪೂರ್ವದ್ದು, ಕಡ್ಡಿಯ ಅಚ್ಚು ತರುವಾಯದ್ದು ಎಂದು ಹಂಟರ್ ವಾದಿಸಿದರು.

ಹಂಟರ್ ಭಾರತದಲ್ಲಿಯೂ ಸಂಚರಿಸಿ ಕಾಗದಗಾರರ ಕೆಲಸವನ್ನು ಕಂಡರು. ಭಾರತದ ಕೈಕಾಗದವನ್ನು ಕುರಿತು ೧೯೩೯ರಲ್ಲಿ ಹೊರಬಂದ ಅವರ ಗ್ರಂಥದ ಪ್ರತಿಗಳು ೩೭೦ ಮಾತ್ರ. ಅದರಲ್ಲಿ ಛಾಯಾಚಿತ್ರಗಳ ಜೊತೆಗೆ ನಿಜವಾದ ಹಾಳೆಗಳ ಮಾದರಿಗಳನ್ನೂ ಸೇರಿಸಿದ್ದಾರೆ. ವರ್ಣನೆಯನ್ನು ಶಂಕಿಸುವ ಓದುಗನು ಮಾದರಿಯನ್ನೇ ಬೆಳಕಿಗೆ ಹಿಡಿದು ನೋಡಬಹುದು. ವಾದದೊಡನೆ ಆಧಾರವನ್ನೂ ಓದುಗನ ಕೈಗಿಡುವ ಈ ಪ್ರಾಮಾಣಿಕತೆ ಶ್ಲಾಘ್ಯವಾದುದು.

ಆದರೆ ಜೀವಂತ ಕಸುಬು ತಾನಾಗಿಯೇ ಕಾಲನಿರ್ಣಯವನ್ನು ಮಾಡಲಾರದು. ನಿಧಾನವಾದ ವಿಧಾನವೆಲ್ಲವೂ ಹಳೆಯದೆಂದು ಹೇಳಲಾಗದು. ಎರಡು ವಿಧಾನಗಳೂ ಏಕಕಾಲದಲ್ಲಿ ಬಾಳಿರುವುದುಂಟು. ಕಾಗದದ ಆರಂಭವನ್ನು ಹಂಟರ್ ಚೀನೀ ಸಂಪ್ರದಾಯದಂತೆ ಕ್ರಿ. ಶ. ೧೦೫ಕ್ಕೆ, ಚಾಯ್ ಲುನ್‌ನ ಕಾಲಕ್ಕೆ, ಇರಿಸಿದ್ದರು. ೧೯೮೬ರಲ್ಲಿ ಚೀನದ ಫಾಂಗ್‌ಮಾಟಾನ್‌ನ ಸಮಾಧಿಯೊಂದರಲ್ಲಿ ದೊರೆತ ನಕ್ಷೆಯ ತುಣುಕನ್ನು ವಿದ್ವಾಂಸರು ಕ್ರಿ. ಪೂ. ೨ನೆಯ ಶತಮಾನದ್ದೆಂದು ಎಣಿಸುತ್ತಾರೆ. ಹೀಗೆ ಹಂಟರ್ ಅವರ ಕಾಲಗಣನೆ ತಿದ್ದುಪಡಿಯನ್ನು ಪಡೆಯಿತು. ಆ ತಿದ್ದುಪಡಿಯೂ ಹಾಳೆಯೊಂದರಿಂದಲೇ ಬಂದಿತೆಂಬುದು ಗಮನಾರ್ಹ.

ಇದರಿಂದ ನಾವು ಕಲಿಯತಕ್ಕದ್ದು ಸ್ಪಷ್ಟವಾಗಿದೆ. ಇಂದು ಪತ್ರಾಗಾರಗಳಲ್ಲಿ ದಾಖಲೆಗಳ ಛಾಯಾಪ್ರತಿಗಳನ್ನು ತೆಗೆಯುವ ಕಾರ್ಯ ಭರದಿಂದ ಸಾಗಿದೆ. ಅದು ಅವಶ್ಯವೇ ಸರಿ. ಆದರೆ ಸಾಧಾರಣ ಛಾಯಾಪ್ರತಿಯಲ್ಲಿ ಉಳಿಯುವುದು ಮಸಿ ಮಾತ್ರ, ಅಚ್ಚಿನ ಗೆರೆಗಳಲ್ಲ. ಪ್ರತಿಯಿದೆಯೆಂದು ಮೂಲವನ್ನು ಅಲಕ್ಷಿಸಿದರೆ, ಇನ್ನೂ ಓದದಿರುವ ಸಾಕ್ಷ್ಯವೊಂದನ್ನು ನಾವೇ ಅಳಿಸಿದಂತಾಗುತ್ತದೆ. ಪತ್ರಗಳ ಸೂಚಿಯನ್ನು ಸಿದ್ಧಪಡಿಸುವವರು ಲಿಪಿ, ಭಾಷೆ, ತೇದಿಗಳೊಡನೆ ಹಾಳೆಯ ಅಳತೆಯನ್ನೂ ಗೆರೆಗಳನ್ನೂ ನಮೂದಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.