ಮದುವೆ ಕ್ಯಾಸೆಟ್ಟು ಡಿವಿಡಿಯಾದ ಕಾಲ

ಹರಿಹರ ಸೀಮೆಯ ಚರಿತ್ರೆ ಬರೆಯಹೊರಟವರು ಮೊದಲು ಹುಡುಕುವುದು ಶಾಸನ, ವೀರಗಲ್ಲು, ಗುಡಿಯ ಗೋಡೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಹರಿಹರೇಶ್ವರ ದೇವಾಲಯ ಕಟ್ಟಿಸಿದ ಸಂಗತಿ ಕಲ್ಲಿನಲ್ಲಿ ಭದ್ರವಾಗಿದೆ. ಆದರೆ 1985ರಿಂದ 2010ರವರೆಗೆ ಈ ಸೀಮೆಯ ಭಾನುವಳ್ಳಿಯಂಥ ಊರಿನ ಜನ ಏನು ಉಟ್ಟರು, ಪಂಕ್ತಿಯಲ್ಲಿ ಹೇಗೆ ಕೂತರು, ಬೀಗರನ್ನು ಯಾವ ಮಾತಿನಲ್ಲಿ ಕರೆದರು ಎಂಬುದಕ್ಕೆ ಕಲ್ಲಿನ ಸಾಕ್ಷಿಯಿಲ್ಲ. ಇರುವುದು ಬೀರುವಿನ ಮೇಲಿನ ಮದುವೆ ಕ್ಯಾಸೆಟ್ಟು, ಅದರಿಂದ ಮಾಡಿಸಿದ ಸಿಡಿ, ಡಿವಿಡಿ. ಕ್ಯಾಸೆಟ್ಟನ್ನು ಡಿವಿಡಿ ಮಾಡಿಸಿದ್ದು ಆ ಕಾಲಕ್ಕೆ ಸರಿಯಾದ ಕೆಲಸವೇ. ಆದರೆ ಮನೆಯ ಟಿವಿಯಲ್ಲಿ ಓಡುವಂತೆ ಮಾಡುವುದು ಒಂದು, ಮುಂದಿನವರಿಗೆ ಉಳಿಯುವಂತೆ ಮಾಡುವುದು ಇನ್ನೊಂದು. ಇವೆರಡನ್ನೂ ನಾವು ಒಂದೇ ಎಂದು ತಿಳಿದೆವು. ಒಂದು ತಲೆಮಾರಿನ ಊರಚಿತ್ರ ಇಂದು ಕೈಜಾರುತ್ತಿರುವುದಕ್ಕೆ ಮುಖ್ಯ ಕಾರಣ ಇದು.

ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಕ್ಯಾಸೆಟ್ಟನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. ನಮ್ಮಲ್ಲಿ 1982ರ ಏಷ್ಯನ್ ಕ್ರೀಡಾಕೂಟದ ವರ್ಷ ದೂರದರ್ಶನಕ್ಕೆ ಬಣ್ಣ ಬಂತು, ಕಲರ್ ಟಿವಿ ಮತ್ತು ವಿಸಿಆರ್ ಬೆನ್ನಿಗೇ ಬಂದವು. ಊರೂರಿಗೆ ಟಿವಿ-ವಿಸಿಪಿ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ನೋಡುವ ಕಾಲ ಅದು. ಫೋಟೊ ಸ್ಟುಡಿಯೊಗಳು ವಿಡಿಯೊ ಕ್ಯಾಮೆರಾ ಕೊಂಡವು. ಹೆಗಲ ಮೇಲೆ ಕ್ಯಾಮೆರಾ ಹೊತ್ತವನ ಹಿಂದೆ ಲೈಟು ಹಿಡಿದ ಹುಡುಗ, ಅವನ ಹಿಂದೆ ವೈರು. ಹಳ್ಳಿಯ ಮದುವೆಗೆ ಹರಿಹರದಿಂದಲೋ ದಾವಣಗೆರೆಯಿಂದಲೋ ಇವರು ಬರುವುದು ಪ್ರತಿಷ್ಠೆಯ ಮಾತೂ ಆಯಿತು. ಇದೇ ಇಪ್ಪತ್ತೈದು ವರ್ಷಗಳಲ್ಲಿ ಈ ಸೀಮೆ ಎಷ್ಟು ಬದಲಾಯಿತೆಂದು ನೆನೆಯಬೇಕು. ದಾವಣಗೆರೆಯ ಹತ್ತಿಗಿರಣಿಗಳು ಒಂದೊಂದಾಗಿ ಕಣ್ಣುಮುಚ್ಚಿದವು, 1941ರಲ್ಲಿ ಶುರುವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಿಂತೇಹೋಯಿತು, 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾಯಿತು. ಗಿರಣಿ, ಕಾರ್ಖಾನೆಗಳ ಸಂಬಳದಲ್ಲಿ ಬದುಕಿದ ಮನೆಗಳ ಒಳಗು ಕಾಣುವುದು ಸರ್ಕಾರಿ ಕಡತದಲ್ಲಲ್ಲ, ಈ ಕ್ಯಾಸೆಟ್ಟುಗಳಲ್ಲಿ.

ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತದೆ, ವಿಸಿಆರ್ ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ. ಹಾಗಾಗಿ ‘ಸಿಡಿಗೆ ಹಾಕಿಸುವುದು’ ಬಂತು. ಇಲ್ಲಿಂದ ಮುಂದಿನ ಕಥೆಯನ್ನು ತುಸು ಹತ್ತಿರದಿಂದ ನೋಡಬೇಕು, ಏಕೆಂದರೆ ನಷ್ಟ ಆದದ್ದು ಈ ಹಂತದಲ್ಲಿ. ನಮ್ಮ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಸೆಕೆಂಡಿಗೆ 25 ಚಿತ್ರ. ಒಂದೊಂದು ಚಿತ್ರವೂ ಬೆಸ ಗೆರೆಗಳದೊಂದು, ಸಮ ಗೆರೆಗಳದೊಂದು ಎಂದು ಎರಡು ಪಾಲಾಗಿ ಬರುತ್ತದೆ. ಅಂದರೆ ಕಣ್ಣಿಗೆ ಸೆಕೆಂಡಿಗೆ 50 ಸಲ ಚಲನೆ. 1993ರ ವಿಸಿಡಿ (ವಿಡಿಯೊ ಸಿಡಿ) ಮಾನದಂಡದಲ್ಲಿ ಚಿತ್ರದ ಅಳತೆ 352 ಅಡ್ಡ, 288 ಉದ್ದ ಮಾತ್ರ, ಆದ್ದರಿಂದ ಎರಡು ಪಾಲಿನಲ್ಲಿ ಒಂದನ್ನು ಬಿಸಾಡಲೇಬೇಕಿತ್ತು. ಸಿಡಿ ಮಾಡಿಸಿದವರ ಮದುವೆಯಲ್ಲಿ ಅರ್ಧ ಚಲನೆ ಅಲ್ಲೇ ಹೋಯಿತು. ಡಿವಿಡಿ ಇದನ್ನು ತಿದ್ದಿತು: 720ಕ್ಕೆ 576, ಎರಡೂ ಪಾಲು, ಎಂಪೆಗ್-2 ಪದ್ಧತಿಯಲ್ಲಿ ಒತ್ತಿ ಬರೆಯುವ ಎನ್‌ಕೋಡಿಂಗ್. ಆದರೆ ಅದಕ್ಕೂ ಒಂದು ಮಿತಿಯಿತ್ತು. ಒಂದು ಪದರದ ಡಿವಿಡಿ ತಟ್ಟೆ ಹಿಡಿಯುವುದು 4.7 ಜಿಬಿ. ಒಂದು ಗಂಟೆಯ ಚಿತ್ರಕ್ಕೆ ಇದು ಧಾರಾಳ. ಮೂರು ಗಂಟೆಯ ಮದುವೆಯನ್ನು ಒಂದೇ ತಟ್ಟೆಗೆ ತುಂಬಿದರೆ ಚಿತ್ರ, ಧ್ವನಿ ಎರಡಕ್ಕೂ ಸೇರಿ ಸೆಕೆಂಡಿಗೆ ಸಿಗುವುದು ಸುಮಾರು 3.5 ಮೆಗಾಬಿಟ್, ಮಾನದಂಡ ಚಿತ್ರವೊಂದಕ್ಕೇ 9.8ರವರೆಗೆ ಬಿಡುತ್ತದೆ. ಧ್ವನಿಯನ್ನು ಒತ್ತದೆ ಹಾಗೇ ಇಟ್ಟರೆ ಆ 3.5ರಲ್ಲಿ 1.5 ಅದಕ್ಕೇ ಖರ್ಚು. ಆಗ ದೀಪದ ಸುತ್ತಿನ ನೆರಳು, ಅಕ್ಕಿಕಾಳು ಚಿಮ್ಮುವ ಗಳಿಗೆ, ಜನರ ನೂಕುನುಗ್ಗಲು ಎಲ್ಲವೂ ಚೌಕ ಚೌಕವಾಗಿ ಒಡೆಯುತ್ತವೆ. ಎರಡು ತಟ್ಟೆಗೆ ಹಂಚಬಹುದಿತ್ತು, ಆದರೆ ಗಿರಾಕಿಗೆ ಬೇಕಿದ್ದದ್ದು ಒಂದೇ ತಟ್ಟೆ. ಇನ್ನೊಂದು ತಪ್ಪು ಪಾಲುಗಳ ಕ್ರಮದ್ದು. ಆಮೇಲೆ ಬಂದ ಡಿಜಿಟಲ್ ಟೇಪಾದ ಮಿನಿ ಡಿವಿಯಿಂದ ಫೈರ್‌ವೈರ್ ತಂತಿಯ ಮೂಲಕ ಕಂಪ್ಯೂಟರಿಗೆ ಇಳಿಸಿದ ಚಿತ್ರದಲ್ಲಿ ಕೆಳಗಿನ ಪಾಲು ಮೊದಲು. ಎನ್‌ಕೋಡರಿನಲ್ಲಿ ಮೇಲಿನ ಪಾಲು ಮೊದಲು ಎಂದು ಬಿಟ್ಟುಬಿಟ್ಟರೆ ಕಂಪ್ಯೂಟರಿನ ಪರದೆಯಲ್ಲಿ ಏನೂ ಗೊತ್ತಾಗದು, ಟಿವಿಗೆ ಹಾಕಿದಾಗ ಮೆರವಣಿಗೆಯ ಜನ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾರೆ. ಇಂಥ ತಪ್ಪು ಒಮ್ಮೆ ತಟ್ಟೆಗೆ ಬರೆದ ಮೇಲೆ ಅದೇ ತಟ್ಟೆಯಲ್ಲಿ ಅದನ್ನು ತಿದ್ದಲಾಗದು.

ಸ್ಟುಡಿಯೊದವರನ್ನು ದೂರುವುದು ಸುಲಭ, ನ್ಯಾಯವಲ್ಲ. ಒಂದು ಗಂಟೆಯ ಮಿನಿ ಡಿವಿ ಟೇಪು ಹಾರ್ಡ್‌ಡಿಸ್ಕಿನಲ್ಲಿ ಸುಮಾರು 13 ಜಿಬಿ ಜಾಗ ಕೇಳುತ್ತದೆ. 40, 80 ಜಿಬಿಯ ಡಿಸ್ಕುಗಳ ಕಾಲದಲ್ಲಿ ಒಂದು ಮದುವೆ ಅಳಿಸದೆ ಇನ್ನೊಂದು ಮದುವೆ ಇಳಿಸಲು ಜಾಗವೇ ಇರುತ್ತಿರಲಿಲ್ಲ. ಟೇಪಿಗೆ ಬೆಲೆ ಹೆಚ್ಚು, ಆದ್ದರಿಂದ ಅದೇ ಟೇಪಿನ ಮೇಲೆ ಮುಂದಿನ ಲಗ್ನಸರಿಯ ಶೂಟಿಂಗ್. ಚಿತ್ರವನ್ನು ಎರಡು ಸಲ ಓದಿ ಎಲ್ಲಿ ಎಷ್ಟು ಬಿಟ್ ಬೇಕೆಂದು ಅಳೆದು ಹಂಚುವ ಎನ್‌ಕೋಡಿಂಗ್ ಒಳ್ಳೆಯದೇ, ಆದರೆ ಅಂದಿನ ಕಂಪ್ಯೂಟರಿಗೆ ಅದು ರಾತ್ರಿಯಿಡೀ ಕೆಲಸ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಇಷ್ಟರ ನಡುವೆಯೂ ಚಿತ್ರದ ಫೈಲುಗಳಿರುವ ವಿಡಿಯೊ-ಟಿಎಸ್ ಫೋಲ್ಡರು, ಅಧ್ಯಾಯಗಳ ಮೆನು, ತಟ್ಟೆಯ ಮೇಲೆ ವಧೂವರರ ಫೋಟೊ ಎಲ್ಲವನ್ನೂ ಕೂಡಿಸಿ, ಯಾವ ಕಂಪನಿಯ ಪ್ಲೇಯರಿಗೆ ಹಾಕಿದರೂ ಓಡುವ ತಟ್ಟೆಯನ್ನು ಅವರು ಕೊಟ್ಟರು. ಜಿಲ್ಲೆಯ ಪತ್ರಾಗಾರ ಮಾಡದ ಕೆಲಸವನ್ನು ಮಾಡಿದವರು ಇವರೇ.

ನನ್ನನ್ನು ಹೆಚ್ಚು ಕಾಡುವ ನಷ್ಟ ಚಿತ್ರದ್ದಲ್ಲ, ಧ್ವನಿಯದು. ‘ಮಿಕ್ಸಿಂಗ್’ ಎಂದರೆ ಮೂಲ ಧ್ವನಿಯನ್ನು ತಗ್ಗಿಸಿ ಸಿನಿಮಾ ಹಾಡು ಕೂರಿಸುವುದು ಎಂದೇ ರೂಢಿಯಾಗಿತ್ತು. ಐರಾಣಿ ಗಡಿಗೆ ತರುವಾಗ, ಅರಿಶಿನ ಹಚ್ಚುವಾಗ ಹಿರಿಯ ಹೆಂಗಸರು ಹಾಡಿದ ಸೋಬಾನೆ ಪದ, ಸುರಗಿ ನೀರಿನ ಹೊತ್ತಿನ ಕೀಟಲೆ, ದಾವಣಗೆರೆ ಸೀಮೆಯ ಮಾತಿನ ಏರಿಳಿತ, ಇವೆಲ್ಲ ಶೂಟಿಂಗ್ ಟೇಪಿನಲ್ಲಿ ಇದ್ದವು, ಡಿವಿಡಿಯಲ್ಲಿ ಇಲ್ಲ. ಜನಪದ ಸಂಗ್ರಾಹಕರು ಟೇಪ್ ರೆಕಾರ್ಡರ್ ಹೊತ್ತು ಹುಡುಕುತ್ತಿದ್ದ ಹಾಡುಗಳನ್ನು ಮದುವೆ ಮನೆಯಲ್ಲಿ ತಾನಾಗಿಯೇ ಹಿಡಿದುಕೊಂಡಿದ್ದ ಟೇಪು ಮರುಬಳಕೆಯಲ್ಲಿ ಅಳಿಸಿಹೋಯಿತು.

ಇದಕ್ಕೆ ಎದುರು ಮಾತುಗಳಿವೆ. ಎಲ್ಲ ಮದುವೆಗಳೂ ಒಂದೇ ಥರ, ಇದರಲ್ಲಿ ಚರಿತ್ರೆ ಏನು ಬಂತು ಎನ್ನುವವರಿದ್ದಾರೆ. ಒಂದೇ ಥರ ಇರುವುದೇ ಚರಿತ್ರೆಕಾರನಿಗೆ ಅನುಕೂಲ. ನೂರು ಮದುವೆಗಳನ್ನು ಸಾಲಾಗಿ ನೋಡಿದರೆ ಬಾಳೆಲೆ ಹೋಗಿ ಪ್ಲಾಸ್ಟಿಕ್ ತಟ್ಟೆ ಬಂದದ್ದು, ಮನೆಯಂಗಳದ ಚಪ್ಪರ ಕಲ್ಯಾಣ ಮಂಟಪಕ್ಕೆ ಸರಿದದ್ದು, ನೆಲದ ಪಂಕ್ತಿ ಟೇಬಲ್ಲಿಗೆ ಏರಿದ್ದು ಯಾವ ವರ್ಷ, ಯಾರ ಮನೆಯಲ್ಲಿ ಮೊದಲು ಎಂದು ಬೆರಳಿಟ್ಟು ತೋರಿಸಬಹುದು. ಇನ್ನೊಂದು ಮಾತು ಹೆಚ್ಚು ಗಟ್ಟಿಯದು: ವಿಎಚ್‌ಎಸ್ ಚಿತ್ರವೇ ಮಸುಕು, ಅಡ್ಡಸಾಲಿನಲ್ಲಿ ಅದರ ಸ್ಪಷ್ಟತೆ 240 ಗೆರೆಗಳಷ್ಟೇ, ಇಂಥದ್ದಕ್ಕೆ ಹೆಚ್ಚಿನ ಬಿಟ್ ಏಕೆ ಸುರಿಯಬೇಕು? ಕೇಳಲು ಸರಿಯೆನಿಸುತ್ತದೆ, ನಿಜ ತಿರುಗುಮುರುಗು. ಎಂಪೆಗ್ ಎನ್‌ಕೋಡರು ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಇರುವ ವ್ಯತ್ಯಾಸವನ್ನೇ ಬರೆಯುತ್ತ ಹೋಗುತ್ತದೆ. ಹಳೆಯ ಟೇಪಿನ ಚುಕ್ಕೆ, ನಡುಕ ಪ್ರತಿ ಚಿತ್ರದಲ್ಲೂ ಬೇರೆಯಾಗಿರುವುದರಿಂದ ಎನ್‌ಕೋಡರು ಅದನ್ನೇ ಮಾಹಿತಿ ಎಂದು ತಿಳಿದು ಬಿಟ್‌ಗಳನ್ನು ಅಲ್ಲಿಗೆ ಸುರಿಯುತ್ತದೆ, ಮುಖಗಳಿಗೆ ಉಳಿಯುವುದು ಕಡಿಮೆ. ಮಸುಕು ಟೇಪಿಗೇ ಹೆಚ್ಚು ಜಾಗ ಬೇಕು. ಇನ್ನು, ತಟ್ಟೆಯಲ್ಲಿದೆಯಲ್ಲ, ಸಾಕು ಎನ್ನುವವರಿಗೆ: ಸ್ಟುಡಿಯೊದಲ್ಲಿ ಬರೆದ ಡಿವಿಡಿ-ಆರ್ ತಟ್ಟೆಯ ಒಳಪದರ ಬಣ್ಣದ ರಾಸಾಯನಿಕ; ಬಿಸಿಲು, ಸೆಕೆಗೆ ಅದು ಕೆಡುತ್ತದೆ. ದೇಶದ ಬಹುಪಾಲು ಖಾಲಿ ತಟ್ಟೆಗಳನ್ನು ಒದಗಿಸಿದ ಮೋಸರ್ ಬೇಯರ್ ಕಂಪನಿ 2018ರ ಹೊತ್ತಿಗೆ ದಿವಾಳಿಯಾಯಿತು. ಜಪಾನಿನ ಫುನೈ ಕಂಪನಿ ವಿಸಿಆರ್ ತಯಾರಿಕೆಯನ್ನು 2016ರಲ್ಲೇ ನಿಲ್ಲಿಸಿತ್ತು. 2025ರ ಸುಮಾರಿಗೆ ಟೇಪು ಓದುವ ಯಂತ್ರಗಳು ಸಿಗುವುದೇ ಕಷ್ಟವಾಗುತ್ತದೆಂದು ಯುನೆಸ್ಕೊ ಮತ್ತು ಧ್ವನಿ-ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಎಚ್ಚರಿಸಿದ್ದವು. ಆ ಕಾಲ ಬಂದಾಗಿದೆ.

ಮನೆಯಲ್ಲಿ ಕ್ಯಾಸೆಟ್ಟು ಇದ್ದರೆ, ಡಿವಿಡಿ ಆಗಿದೆಯಲ್ಲ ಎಂದು ಅದನ್ನು ಗುಜರಿಗೆ ಹಾಕಬೇಡಿ. ಡಿವಿಡಿ ಮಾತ್ರ ಇದ್ದರೆ ಅದರೊಳಗಿನ ವಿಡಿಯೊ-ಟಿಎಸ್ ಫೋಲ್ಡರನ್ನು ಇದ್ದಂತೆಯೇ ಎರಡು ಕಡೆ ಪ್ರತಿ ಮಾಡಿಡಿ. ವಾಟ್ಸ್ಆ್ಯಪಿಗೆ ಒಗ್ಗಲೆಂದು ಮತ್ತೆ ಒತ್ತಿ ಚಿಕ್ಕದು ಮಾಡಿದ ಫೈಲು ಅದಕ್ಕೆ ಬದಲಿಯಲ್ಲ. ಹರಿಹರ, ದಾವಣಗೆರೆಯ ಹಳೆಯ ಸ್ಟುಡಿಯೊಗಳಲ್ಲಿ ಮಿಕ್ಸಿಂಗ್ ಆಗದ ಟೇಪುಗಳು ಮೂಲೆಯಲ್ಲಿ ಬಿದ್ದಿದ್ದರೆ, ಮನೆಯವರ ಒಪ್ಪಿಗೆ ಪಡೆದು ದಾವಣಗೆರೆ ವಿಶ್ವವಿದ್ಯಾನಿಲಯದ ಕನ್ನಡ, ಇತಿಹಾಸ ವಿಭಾಗಗಳು ಅವನ್ನು ಕೇಳಿ ಪಡೆಯಲಿ. ಓಡಿಸುವ ಯಂತ್ರ ಇನ್ನೂ ಒಂದೆರಡು ಕೈಗೆ ಸಿಗುತ್ತಿರುವಾಗಲೇ ಈ ಕೆಲಸ ಆಗಬೇಕು.