ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ 'ಗ್ರಬ್' ಕೈಕೊಟ್ಟರೆ ಏನು ಮಾಡಬೇಕು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 11 ಒಗ್ಗದ ಹಳೆಯ ಕಂಪ್ಯೂಟರ್‌ಗಳಿಗೆ ಉಬುಂಟು, ಮಿಂಟ್‌ನಂಥ ಲಿನಕ್ಸ್ ಒಳ್ಳೆಯ ದಾರಿ. ಆದರೆ ಇನ್‌ಸ್ಟಾಲೇಶನ್ ಇನ್ನೇನು ಮುಗಿಯಿತು ಎನ್ನುವಾಗ, ಗ್ರಬ್ ಅಳವಡಿಸಲು ಆಗಲಿಲ್ಲ ಎಂಬ ಸಂದೇಶ ಬಂದು ಕೆಲಸ ನಿಂತುಬಿಡುವುದುಂಟು.

ಏನಿದು ಗ್ರಬ್?

ಕಂಪ್ಯೂಟರ್ ಆನ್ ಆದೊಡನೆ ಲಿನಕ್ಸ್ ಕರ್ನಲ್ ಅನ್ನು ಮೆಮೊರಿಗೆ ತರುವ ಪುಟ್ಟ ತಂತ್ರಾಂಶವೇ ಗ್ರಬ್ ಬೂಟ್‌ಲೋಡರ್. ಈ ಸಂದೇಶ ಬರುವ ಹೊತ್ತಿಗೆ ಲಿನಕ್ಸ್ ಫೈಲ್‌ಗಳು ಸಾಮಾನ್ಯವಾಗಿ ಡಿಸ್ಕ್ ಸೇರಿರುತ್ತವೆ. ಆದ್ದರಿಂದ ಗಾಬರಿಯಲ್ಲಿ ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ.

ಮುಖ್ಯ ಕಾರಣಗಳು

* ಮೋಡ್ ವ್ಯತ್ಯಾಸ: ವಿಂಡೋಸ್ ಯುಇಎಫ್‌ಐ ಮೋಡ್‌ನಲ್ಲಿದ್ದು, ಪೆನ್‌ಡ್ರೈವ್ ಹಳೆಯ ಲೆಗಸಿ ಬಯೋಸ್ ಮೋಡ್‌ನಲ್ಲಿ ಬೂಟ್ ಆಗಿರಬಹುದು. ವಿಂಡೋಸ್‌ನ 'ಸಿಸ್ಟಂ ಇನ್ಫರ್ಮೇಶನ್'ನಲ್ಲಿ 'ಬಯೋಸ್ ಮೋಡ್' ಯಾವುದೆಂದು ನೋಡಿಕೊಳ್ಳಿ. ಲಿನಕ್ಸ್ ಕೂಡ ಅದೇ ಮೋಡ್‌ನಲ್ಲಿರಲಿ.
* ಇಎಫ್‌ಐ ಪಾರ್ಟಿಶನ್ ಇಲ್ಲದಿರುವುದು: ಯುಇಎಫ್‌ಐ ಮೋಡ್‌ಗೆ ಫ್ಯಾಟ್32 ಮಾದರಿಯ ಈ ಪಾರ್ಟಿಶನ್ ಬೇಕೇ ಬೇಕು. ವಿಂಡೋಸ್ ಇರುವ ಡಿಸ್ಕ್‌ನಲ್ಲಿ ಇದು ಮೊದಲೇ ಇರುತ್ತದೆ. ಅದನ್ನೇ ಬಳಸಿ, ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಬೂಟ್ ಆಗದು.
* ಜಿಪಿಟಿ ಡಿಸ್ಕ್, ಲೆಗಸಿ ಮೋಡ್: ಇಲ್ಲಿ ಗ್ರಬ್‌ಗೆಂದೇ 1 ಎಂಬಿಯ 'ಬಯೋಸ್ ಬೂಟ್' ಪಾರ್ಟಿಶನ್ ಬೇಕಾಗುತ್ತದೆ.
* ತಪ್ಪು ಡಿಸ್ಕ್ ಆಯ್ಕೆ: ಬೂಟ್‌ಲೋಡರ್‌ನ ಜಾಗವಾಗಿ ಪೆನ್‌ಡ್ರೈವ್ ಆಯ್ಕೆಯಾಗಿದ್ದರೆ, ಅದನ್ನು ತೆಗೆದೊಡನೆ ಕಂಪ್ಯೂಟರ್ ಬೂಟ್ ಆಗುವುದಿಲ್ಲ.

ಸರಿಪಡಿಸುವುದು ಹೇಗೆ?

1. ಪೆನ್‌ಡ್ರೈವ್‌ನಿಂದ ಸರಿಯಾದ ಮೋಡ್‌ನಲ್ಲಿ ಮತ್ತೆ ಬೂಟ್ ಮಾಡಿ, ಇನ್‌ಸ್ಟಾಲ್ ಬದಲು ಲೈವ್ ಆಗಿ ತೆರೆಯಿರಿ.
2. ಮುಖ್ಯ ಫೈಲ್‌ಗಳನ್ನು ಬೇರೊಂದು ಡ್ರೈವ್‌ಗೆ ಕಾಪಿ ಮಾಡಿ.
3. ಪಾರ್ಟಿಶನ್ ಪಟ್ಟಿಯಲ್ಲಿ ಇಎಫ್‌ಐ ಭಾಗ ಇದೆಯೇ ಎಂದು ಪರಿಶೀಲಿಸಿ.
4. 'ಬೂಟ್ ರಿಪೇರ್' ತಂತ್ರಾಂಶ ಓಡಿಸಿ. ಮಿಂಟ್‌ನ ಲೈವ್ ಆವೃತ್ತಿಯಲ್ಲಿ ಇದು ಸಿದ್ಧವಾಗಿಯೇ ಸಿಗುತ್ತದೆ.
5. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ. ನೇರವಾಗಿ ವಿಂಡೋಸ್ ತೆರೆದುಕೊಂಡರೆ, ಫರ್ಮ್‌ವೇರ್ ಸೆಟ್ಟಿಂಗ್‌ನ ಬೂಟ್ ಕ್ರಮದಲ್ಲಿ ಲಿನಕ್ಸ್ ಅನ್ನು ಮೊದಲಿಗೆ ತನ್ನಿ.

ಲಿನಕ್ಸ್ ಬಂದು ವಿಂಡೋಸ್ ಮೆನುವಿನಲ್ಲಿ ಕಾಣದಿದ್ದರೆ ಅದು ಅಳಿಸಿಹೋಗಿದೆ ಎಂದುಕೊಳ್ಳಬೇಕಿಲ್ಲ. ಗ್ರಬ್ 2.06 ಆವೃತ್ತಿಯಿಂದ ಇತರ ಓಎಸ್‌ಗಳನ್ನು ಹುಡುಕುವ ಸೌಲಭ್ಯವನ್ನು ಮೊದಲೇ ಆಫ್ ಮಾಡಿಡಲಾಗಿದೆ. ಗ್ರಬ್ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿ ಮೆನು ಅಪ್‌ಡೇಟ್ ಮಾಡಿದರೆ ಸಾಕು.

ಮರೆಯಬೇಡಿ

ಸೆಕ್ಯೂರ್ ಬೂಟ್ ಆಫ್ ಮಾಡುವ ಮುನ್ನ ವಿಂಡೋಸ್‌ನ ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಟುಕೊಳ್ಳಿ. ವಿಂಡೋಸ್ ಅದನ್ನು ಕೇಳಿದಾಗ 48 ಅಂಕಿಗಳ ಆ ಕೀ ಕೈಯಲ್ಲಿಲ್ಲದಿದ್ದರೆ, ಫೋಟೊ, ದಾಖಲೆ ಎಲ್ಲವೂ ಡಿಸ್ಕ್‌ನಲ್ಲಿದ್ದೂ ಸಿಗದಂತಾಗುತ್ತವೆ.