ಗಣಕಚಿತ್ರ ಕಲಾವಿದನ ವೃತ್ತಿಜೀವನ: ಇತಿಹಾಸದ ಆಧಾರಗಳ ದೃಷ್ಟಿಯಿಂದ ಒಂದು ವಿಚಾರ

ಕಲೆಯ ಇತಿಹಾಸವನ್ನು ಬರೆಯುವವರು ಕೃತಿಯನ್ನು ಮುಂದಿಟ್ಟುಕೊಂಡು ಅದರ ಕರ್ತೃವನ್ನು ಹುಡುಕುವುದು ವಾಡಿಕೆ. ದೂರದರ್ಶನದ ಕಲೆಯಲ್ಲಿ ಈ ಹುಡುಕಾಟ ಬಹು ಕಠಿಣ. ನಟನ ಮುಖ ಜನರ ನೆನಪಿನಲ್ಲಿ ಉಳಿಯುತ್ತದೆ. ಕಥೆ ಬರೆದವನ ಹೆಸರೂ ಒಮ್ಮೊಮ್ಮೆ ಉಳಿಯುವುದುಂಟು. ಆದರೆ ಎಲ್ಲಿಯೂ ಇಲ್ಲದ ಆಕಾಶನೌಕೆಯನ್ನು ಕಣ್ಣೆದುರಿಗೆ ತಂದು ನಿಲ್ಲಿಸಿದ ಕುಶಲಿಯನ್ನು ಕೇಳುವವರು ವಿರಳ. ಅಂಥ ಕುಶಲಿಗಳಲ್ಲಿ ಒಬ್ಬರಾದ ರಾನ್ ಥಾರ್ನ್‌ಟನ್ನರ ವೃತ್ತಿಜೀವನವನ್ನು ಪರಿಶೀಲಿಸಿ, ಅದರಿಂದ ಇತಿಹಾಸದ ವಿದ್ಯಾರ್ಥಿಗೆ ದೊರೆಯುವ ಎರಡು ಪಾಠಗಳನ್ನು ಸೂಚಿಸುವುದು ಈ ಲೇಖನದ ಉದ್ದೇಶ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಓದುಗರಿಗೆ ಈ ವಿಷಯ ದೂರದ್ದೆಂದು ತೋರಬಹುದು. ಆದರೆ ಕರ್ನಾಟಕದಲ್ಲಿ ದೂರದರ್ಶನವು ಮೊದಲು ಕಾಲಿಟ್ಟುದು ರಾಜಧಾನಿಯಲ್ಲಲ್ಲ, ಈ ಸೀಮೆಯಲ್ಲಿಯೇ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ದೂರದರ್ಶನ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದಲ್ಲಿ ಆಯ್ಕೆಯಾದವು ಗುಲ್ಬರ್ಗ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಆ ಪ್ರಯೋಗದ ಫಲವಾಗಿ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ತೆರೆಯಿತು. ಬೆಂಗಳೂರಿಗೆ ಆ ಭಾಗ್ಯ ಒದಗಿದ್ದು 1981ರಲ್ಲಿ.

ಅದೇ 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ ಚಿತ್ರ ತೆರೆಕಂಡಿತು. ಅದರಲ್ಲಿ ರಾಜ್‌ಕುಮಾರ್ ಅವರು ಅರ್ಜುನನಾಗಿಯೂ ಬಭ್ರುವಾಹನನಾಗಿಯೂ ಒಂದೇ ಚೌಕಟ್ಟಿನಲ್ಲಿ ಎದುರುಬದುರು ನಿಂತರು. ಕ್ಯಾಮರಾದ ಹಿಂದಿದ್ದವರು ಎಸ್. ವಿ. ಶ್ರೀಕಾಂತ್. ಗಣಕಯಂತ್ರವಿಲ್ಲದ ಆ ಕಾಲದಲ್ಲಿ ದ್ವಿಪಾತ್ರವನ್ನು ತೋರಿಸುವ ರೂಢಿಯ ಕ್ರಮವೊಂದಿತ್ತು. ಚೌಕಟ್ಟಿನ ಒಂದು ಭಾಗವನ್ನು ಮರೆಮಾಡಿ ಚಿತ್ರಿಸುವುದು. ಬಳಿಕ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮೊದಲು ಮರೆಯಾಗಿದ್ದ ಭಾಗವನ್ನು ತೆರೆದು ಮತ್ತೆ ಚಿತ್ರಿಸುವುದು. ಕ್ಯಾಮರಾ ಕೂದಲೆಳೆಯಷ್ಟು ಅಲುಗಿದರೂ, ಬೆಳಕು ತುಸು ಬದಲಾದರೂ ಮಾಯೆ ಮುರಿಯುತ್ತಿತ್ತು. ಇದು ಕೈ ಮತ್ತು ಕಣ್ಣುಗಳ ವಿದ್ಯೆ.

ಥಾರ್ನ್‌ಟನ್ನರು ಬೆಳೆದುದೂ ಇಂಥದೇ ವಿದ್ಯೆಯಲ್ಲಿ. 1956ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರು ಬಿ.ಬಿ.ಸಿ.ಯ ‘ಡಾಕ್ಟರ್ ಹೂ’, ‘ಬ್ಲೇಕ್ಸ್ ಸೆವೆನ್’ ಎಂಬ ವೈಜ್ಞಾನಿಕ ಕಥಾ ಧಾರಾವಾಹಿಗಳಿಗೆ ಪುಟ್ಟ ಮಾದರಿಗಳನ್ನು ಮಾಡುತ್ತಿದ್ದರು. ಅಮೆರಿಕೆಗೆ ಹೋದ ಮೇಲೆ 1987ರ ‘ಕ್ಯಾಪ್ಟನ್ ಪವರ್’ ಧಾರಾವಾಹಿಯಲ್ಲಿ ದುಡಿದರು. ಅಲ್ಲಿ ಪರಿಚಯವಾದ ಲೇಖಕ ಸ್ಟ್ರಾಜಿನ್ಸ್ಕಿಯವರು ಮುಂದೆ ‘ಬ್ಯಾಬಿಲಾನ್ 5’ ಎಂಬ ಧಾರಾವಾಹಿಯನ್ನು ಯೋಜಿಸಿದಾಗ, ಅದರ ಆಕಾಶದೃಶ್ಯಗಳ ಹೊಣೆ ಥಾರ್ನ್‌ಟನ್ನರದಾಯಿತು.

ಮಾದರಿಗಳನ್ನು ಕಟ್ಟಿ ಚಿತ್ರಿಸುವ ವೆಚ್ಚವನ್ನು ಆ ಧಾರಾವಾಹಿ ಭರಿಸುವಂತಿರಲಿಲ್ಲ. ಥಾರ್ನ್‌ಟನ್ನರು ಆರಿಸಿಕೊಂಡ ದಾರಿ ಹೊಸದು. ಮನೆಗಳಲ್ಲಿ ಬಳಸುತ್ತಿದ್ದ ಅಮಿಗಾ ಗಣಕಯಂತ್ರ, ಅದಕ್ಕೆ ಜೋಡಿಸುವ ವಿಡಿಯೋ ಟೋಸ್ಟರ್ ಎಂಬ ಉಪಕರಣ, ಅದರೊಡನೆ ಬರುತ್ತಿದ್ದ ಲೈಟ್‌ವೇವ್ ಎಂಬ ತಂತ್ರಾಂಶ, ಇವೇ ಅವರ ಬಂಡವಾಳ. ಒಂದು ಸೆಕೆಂಡಿನ ದೃಶ್ಯಕ್ಕೆ ಇಪ್ಪತ್ತಕ್ಕೂ ಮಿಕ್ಕಿ ಚಿತ್ರಗಳು ಬೇಕಾದುದರಿಂದ, ಹಲವು ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ ಕೆಲಸವನ್ನು ಹಂಚಿದರು. 1992ರಲ್ಲಿ ಪಾಲ್ ಬೈಗಲ್-ಬ್ರಯಂಟರೊಡನೆ ‘ಫೌಂಡೇಶನ್ ಇಮೇಜಿಂಗ್’ ಸಂಸ್ಥೆಯನ್ನು ಕಟ್ಟಿದರು. 1993ರಲ್ಲಿ ಪ್ರಸಾರವಾದ ಮೊದಲ ಚಿತ್ರಕ್ಕೆ ಎಮ್ಮಿ ಪ್ರಶಸ್ತಿ ಬಂದಿತು.

ಇಲ್ಲಿ ಮೊದಲನೆಯ ಪಾಠ ಸ್ಪಷ್ಟವಾಗುತ್ತದೆ. ಹೊಸ ಯಂತ್ರ ಬಂದೊಡನೆ ಹಳೆಯ ಕುಶಲಿ ಮೂಲೆಗುಂಪಾಗುತ್ತಾನೆಂಬ ಮಾತು ಎಲ್ಲೆಡೆಗೂ ಸಲ್ಲುವುದಿಲ್ಲ. ಮಾದರಿಯ ಮೇಲೆ ಬೆಳಕು ಹೇಗೆ ಬೀಳುತ್ತದೆ, ಚಿಕ್ಕದು ದೊಡ್ಡದಾಗಿ ಕಾಣಲು ಅದರ ಮೈಮೇಲೆ ಎಷ್ಟು ವಿವರಗಳಿರಬೇಕು ಎಂಬುದು ಕೈಯಿಂದ ಮಾದರಿ ಕಟ್ಟಿದವನಿಗೆ ಗೊತ್ತು. ಆ ಅರಿವೇ ಗಣಕದ ಪರದೆಗೆ ಸಾಗಿಬಂದಿತು. ಧಾರಾವಾಹಿಯ ‘ಸ್ಟಾರ್‌ಫ್ಯೂರಿ’ ಯುದ್ಧನೌಕೆಗಳು ವಿಮಾನಗಳಂತೆ ವಾಲುವುದಿಲ್ಲ. ಗಾಳಿಯಿಲ್ಲದ ಆಕಾಶದಲ್ಲಿ ಜಡತ್ವದ ನಿಯಮದಂತೆ ಮುಂದೆ ಸಾಗುತ್ತಲೇ ಹಿಂದಕ್ಕೆ ತಿರುಗುತ್ತವೆ. ಯಂತ್ರವು ಲೆಕ್ಕವನ್ನು ಮಾಡಿತು; ಯಾವ ಲೆಕ್ಕ ಬೇಕೆಂಬುದನ್ನು ನಿಶ್ಚಯಿಸಿದವನು ಮನುಷ್ಯ.

ಮೂರು ಆವೃತ್ತಿಗಳ ಬಳಿಕ ಆ ಧಾರಾವಾಹಿಯ ಕೆಲಸ ಬೇರೊಂದು ಸಂಸ್ಥೆಗೆ ಹೋಯಿತು. ಫೌಂಡೇಶನ್ ಸಂಸ್ಥೆಯು ‘ಸ್ಟಾರ್ ಟ್ರೆಕ್: ವಾಯೇಜರ್’ ಮೊದಲಾದವುಗಳಿಗೆ ದುಡಿದು 2002ರಲ್ಲಿ ಮುಚ್ಚಿತು. ಥಾರ್ನ್‌ಟನ್ನರು 2016ರ ನವೆಂಬರಿನಲ್ಲಿ ತೀರಿಕೊಂಡರು.

ಎರಡನೆಯ ಪಾಠ ಇನ್ನೂ ಗಂಭೀರವಾದುದು. ನಟರ ದೃಶ್ಯಗಳನ್ನು ಮುಂದಿನ ಅಗಲ ಪರದೆಗೂ ಒಗ್ಗುವಂತೆ ಫಿಲ್ಮಿನ ಮೇಲೆ ತೆಗೆದಿದ್ದರು. ಗಣಕದೃಶ್ಯಗಳು ಮಾತ್ರ ಅಂದಿನ ಚೌಕು ಪರದೆಗಾಗಿ ಸಿದ್ಧವಾಗಿದ್ದುವು. ಮುಂದೆ ಅವನ್ನು ಅಗಲ ಪರದೆಗೆ ಮತ್ತೆ ರಚಿಸೋಣವೆಂದರೆ ಮೂಲ ಗಣಕ ಕಡತಗಳು ಉಳಿದಿರಲಿಲ್ಲ. ಹೀಗಾಗಿ ಡಿ.ವಿ.ಡಿ.ಗಳಲ್ಲಿ ಆ ದೃಶ್ಯಗಳ ಮೇಲುಕೆಳಗಿನ ಅಂಚುಗಳನ್ನು ಕತ್ತರಿಸಬೇಕಾಯಿತು. 2021ರಲ್ಲಿ ಹೊರಬಂದ ಪರಿಷ್ಕೃತ ರೂಪವು ಹಳೆಯ ಚೌಕಟ್ಟಿಗೇ ಮರಳಿತು. ಕೃತಿಯೇನೋ ಉಳಿಯಿತು, ಕೃತಿಯನ್ನು ಕಟ್ಟಿದ ಬಗೆಗೆ ಸಾಕ್ಷಿಯಾದ ಮೂಲದ್ರವ್ಯ ಹತ್ತಿಪ್ಪತ್ತು ವರ್ಷಗಳೊಳಗೆ ಅಳಿಯಿತು.

ಇದನ್ನು ನಮ್ಮ ನೆಲದ ಸಾಕ್ಷ್ಯದೊಡನೆ ಹೋಲಿಸಬೇಕು. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನಕ್ಕೆ ಸೇರಿದ 1058ರ ಶಾಸನವು 200 ಮಂದಿ ವೇದ ವಿದ್ಯಾರ್ಥಿಗಳಿಗೂ 50 ಮಂದಿ ಶಾಸ್ತ್ರ ವಿದ್ಯಾರ್ಥಿಗಳಿಗೂ ಏರ್ಪಾಡು ಮಾಡಿದ್ದನ್ನು ತಿಳಿಸುತ್ತದೆ. ಅದರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ, ಎಂದರೆ ಗ್ರಂಥಪಾಲಕರನ್ನೂ, ಹೆಸರಿಸುತ್ತದೆ. ಓದುವವರಿಗೆ ಅನ್ನವಿಟ್ಟರೆ ಸಾಲದು, ಓದುವುದನ್ನು ಕಾಯುವವರಿಗೂ ವೃತ್ತಿ ಕೊಡಬೇಕೆಂದು ಆ ಕಾಲದವರು ಬಲ್ಲವರಾಗಿದ್ದರು. ಅಲ್ಲಿ ಕಲ್ಲೂ ಉಳಿಯಿತು, ಕಾಯುವವನಿದ್ದನೆಂಬ ಮಾತೂ ಉಳಿಯಿತು.

ಈ ವಿಚಾರ ಇಂದು ನಮ್ಮ ನಾಡಿಗೂ ಸಂಬಂಧಿಸಿದೆ. ಜಗತ್ತಿನ ದೊಡ್ಡ ಚಿತ್ರಗಳ ಗಣಕದೃಶ್ಯಗಳಿಗೆ ಬೆಂಗಳೂರಿನಲ್ಲಿ ನೂರಾರು ಯುವಕ ಯುವತಿಯರು ದುಡಿದಿದ್ದಾರೆ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಂಸ್ಥೆ ಅಲ್ಲಿ ಕೆಲಸ ನಿಲ್ಲಿಸಿದಾಗ ಅವರಲ್ಲಿ ಅನೇಕರು ಒಮ್ಮೆಲೇ ನಿರುದ್ಯೋಗಿಗಳಾದರು. ಸಂಸ್ಥೆ ಮುಚ್ಚಿದಾಗ ಕಲಾವಿದನ ಕೂಲಿಯೊಡನೆ ಅವನ ಕೆಲಸದ ದಾಖಲೆಯೂ ಕೈತಪ್ಪುವ ಭಯವಿದೆ. ಇಂಥ ಕೆಲಸದಲ್ಲಿ ತೊಡಗಿದವರು ನಮ್ಮ ತಾಲೂಕುಗಳಲ್ಲಿದ್ದರೆ, ಅವರು ಕಲಿತ ಬಗೆ, ಬಳಸಿದ ಉಪಕರಣ, ಮಾಡಿದ ದೃಶ್ಯಗಳ ವಿವರ, ಇವನ್ನು ಅವರ ಬಾಯಿಂದಲೇ ಕೇಳಿ ಅವರ ಒಪ್ಪಿಗೆಯೊಡನೆ ಬರೆದಿಡುವುದು ನಮ್ಮ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ಮಾಡಬಲ್ಲ ಕೆಲಸ. ಆಧಾರಗಳು ನಾಶವಾದ ಮೇಲೆ ಮರುಗುವುದಕ್ಕಿಂತ, ಅವು ಇರುವಾಗಲೇ ಭಂಡಾರಿಗರಾಗುವುದು ಮೇಲು.